ಮಾಮಾನ ಸ್ಟೇಷನ್ ವ್ಯಾಗನ್

ನಮ್ಮ ಉತ್ತೂರಿಗೆ ರೈಲಿಲ್ಲ. ರೈಲು ಹತ್ತಬೇಕೆಂದರೆ ಕೊಲ್ಹಾಪುರಕ್ಕೆ ಹೋಗಬೇಕು, ಇಲ್ಲವೇ ಗಡಿ ದಾಟಿ ಘಟಪ್ರಭಾಕ್ಕೋ ಬೆಳಗಾವಿಗೋ ಹೋಗಬೇಕು. ಹಾಗಿದ್ದೂ ನಮ್ಮ ಸೋದರಮಾವನ ದನದ ಕೊಟ್ಟಿಗೆಯಲ್ಲಿ ಒಂದು ಸ್ಟೇಷನ್ ವ್ಯಾಗನ್ ಇದೆ. ಊರವರ ಬಾಯಲ್ಲಿ ಅದು 'ಟೇಸನ್ ಗಾಡಿ'. ಟೇಸನ್ನೇ ಇಲ್ಲದ ಊರಿಗೆ ಟೇಸನ್ ಗಾಡಿ ಹೇಗೆ ಬಂತು, ಹದಿನೈದು ವರ್ಷ ನಿಂತಲ್ಲೇ ನಿಂತದ್ದನ್ನು ಮನೆಯಲ್ಲೇ ಹೇಗೆ ಎಬ್ಬಿಸಿದೆವು, ಎಬ್ಬಿಸುವಾಗ ನಮ್ಮ ನಮ್ಮಲ್ಲೇ ಎಂಥ ಜಗಳವಾಯಿತು ಅನ್ನುವುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬೇಸಿಗೆ ರಜೆ ಬಂತು, ಕೂತಿದ್ದೇನೆ.

ಮೊದಲು ಹೆಸರಿನ ಕಥೆ. (ಹೆಸರು ಕಂಡ ಕೂಡಲೇ ಅದರ ಮೂಲ ಹೇಳದಿದ್ದರೆ ಮಾಸ್ತರರಿಗೆ ಅನ್ನ ಕರಗುವುದಿಲ್ಲ, ಸಹಿಸಿಕೊಳ್ಳಿ.) ನೂರು ವರ್ಷದ ಹಿಂದೆ ಅಮೆರಿಕದಲ್ಲಿ ರೈಲಿನಿಂದ ಇಳಿದವರನ್ನೂ ಅವರ ಪೆಟ್ಟಿಗೆಗಳನ್ನೂ ಹೋಟೆಲಿಗೆ, ಮನೆಗೆ ಮುಟ್ಟಿಸಲು ಉದ್ದನೆಯ ಗಾಡಿಗಳಿದ್ದವು. ಕೆಳಗೆ ಫೋರ್ಡ್ ಕಂಪನಿಯ ಚಾಸಿ, ಮೇಲೆ ಬಡಗಿ ಕಟ್ಟಿದ ಕಟ್ಟಿಗೆಯ ಮೈ. ಸ್ಟೇಷನ್ನಿಗೆ ಹೋಗಿಬರುವ ಗಾಡಿ, ಅದಕ್ಕೇ ಸ್ಟೇಷನ್ ವ್ಯಾಗನ್. ನಮ್ಮ ಕಡೆಯ ಟಾಂಗಾದ ಕೆಲಸವನ್ನೇ ಅದು ಮಾಡುತ್ತಿತ್ತು ಅನ್ನಿ. ಕಟ್ಟಿಗೆಯ ಮೈ ನೋಡಲು ಚಂದ, ಆದರೆ ಪ್ರತಿ ವರ್ಷ ವಾರ್ನಿಶ್ ಹೊಡೆಯಬೇಕು, ಮಳೆಗೆ ಲಡ್ಡು ಹಿಡಿಯುತ್ತದೆ, ಸಂದು ಸಡಿಲಾಗಿ ಕಿರಗುಟ್ಟುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಯುದ್ಧದ ಜೀಪು ಮಾಡಿ ಹೆಸರಾದ ವಿಲೀಸ್ ಕಂಪನಿ ಪೂರ್ತಿ ಉಕ್ಕಿನ ತಗಡಿನ ಸ್ಟೇಷನ್ ವ್ಯಾಗನ್ ಹೊರಗೆ ತಂದಿತು. ವಿನ್ಯಾಸ ಬ್ರೂಕ್ಸ್ ಸ್ಟೀವನ್ಸ್ ಎಂಬುವರದು. ತಗಡನ್ನು ಆಳವಾಗಿ ಅಚ್ಚೊತ್ತುವ ದೊಡ್ಡ ಪ್ರೆಸ್ಸುಗಳು ಆಗ ಅವರಿಗೆ ಸಿಗಲಿಲ್ಲವಂತೆ, ಹಾಗಾಗಿ ಗಾಡಿಯ ಮೈಯೆಲ್ಲ ಚಪ್ಪಟೆ, ಡಬ್ಬಿಯ ಹಾಗೆ. ಜನಕ್ಕೆ ಕಟ್ಟಿಗೆಯ ಗಾಡಿ ನೋಡಿ ರೂಢಿ, ಅದಕ್ಕೆ ತಗಡಿನ ಮೇಲೇ ಚೌಕಟ್ಟಿನ ಗೆರೆ ಒತ್ತಿ, ಕಡುಗೆಂಪು ಮೈಗೆ ಕಟ್ಟಿಗೆ ಬಣ್ಣದ ಪಟ್ಟಿ ಬಳಿದು ಮಾರಿದರು. ಈ ಚಪ್ಪಟೆ ಮೈಯ ಮಾತು ನೆನಪಿಡಿ, ಮುಂದೆ ನಮಗೆ ಅದೇ ಉಪಕಾರಕ್ಕೆ ಬಂತು. 1949ರಲ್ಲಿ ಅದಕ್ಕೆ ನಾಲ್ಕೂ ಗಾಲಿಗೆ ಬಲ ಕೊಡುವ ವ್ಯವಸ್ಥೆಯೂ ಬಂತು. ಸಾದಾ ಜೀಪಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 80 ಇಂಚು, ಇದಕ್ಕೆ ಹತ್ತಿರ ಹತ್ತಿರ 104. ಜೀಪಿನ ಅಣ್ಣ ಅಂತ ಇಟ್ಟುಕೊಳ್ಳಿ.

ನಮ್ಮದು 1952ರ ಮಾದರಿ. ಮೊದಲು ಮುಂಬಯಿ ಪ್ರಾಂತದ ಯಾವನೋ ಗುತ್ತಿಗೆದಾರನ ಕೈಯಲ್ಲಿತ್ತು, ಆಮೇಲೆ ಒಂದು ಸಕ್ಕರೆ ಕಾರ್ಖಾನೆಗೆ ಬಂತು. ಕಬ್ಬಿನ ಹೊಲ ನೋಡುವ ಅಧಿಕಾರಿಗಳು ಓಡಾಡುತ್ತಿದ್ದರು. 1974ರಲ್ಲಿ ಕಾರ್ಖಾನೆಯವರು ಲಿಲಾವು ಮಾಡಿದಾಗ ಮಾಮಾ ಒಂದು ಜೋಡಿ ಎತ್ತು ಮಾರಿ ಹಿಡಿದ. ಆಗ ಅವನಿಗೆ ಇಪ್ಪತ್ತೇಳು ವರ್ಷ. "ಎತ್ತು ಮಾರಿ ತಗಡ ತಂದ" ಅಂತ ನಮ್ಮ ಅಜ್ಜ ಎರಡು ತಿಂಗಳು ಅವನ ಸಂಗಡ ಮಾತಾಡಲಿಲ್ಲ.

ಆಮೇಲೆ ಆ ತಗಡೇ ಮನೆ ನಡೆಸಿತು. ವಡಾಪ್ ಅಂದರೆ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ದೂರದವರಿಗಾಗಿ: ಸೀಟಿನ ಲೆಕ್ಕದಲ್ಲಿ ಮಂದಿ ತುಂಬಿ ಹೊಡೆಯುವ ಜೀಪು. ಎಸ್.ಟಿ. ಬಸ್ಸು ದಿನಕ್ಕೆ ಎರಡೋ ಮೂರೋ ಇದ್ದ ಕಾಲ ಅದು. ಮಾಮಾ ಒಳಗಿನ ಸೀಟು ಕಿತ್ತು ಎರಡೂ ಬದಿಗೆ ಉದ್ದ ಬೆಂಚು ಹಾಕಿಸಿದ, ಮೇಲೆ ಕ್ಯಾರಿಯರ್ ಹಾಕಿಸಿದ. ಏಳು ಮಂದಿಯ ಗಾಡಿಯಲ್ಲಿ ಹದಿನಾಲ್ಕು, ಸಂತೆಯ ದಿನ ಎಷ್ಟು ಅಂತ ಎಣಿಸಿದವರಿಲ್ಲ. ಉತ್ತೂರ, ಗಡಹಿಂಗ್ಲಜ, ಸಂಕೇಶ್ವರ. ಮೆಣಸಿನಕಾಯಿ ಚೀಲ, ಬೆಲ್ಲದ ರವೆ, ಬಾಣಂತಿ, ಮದುವೆಯ ಹೆಣ್ಣು, ಕನ್ನಡ ಶಾಲೆಯ ಮಾಸ್ತರರು, ಎಲ್ಲ ಅದರಲ್ಲೇ. ಹಿಂದಿನ ಬಾಗಿಲು ಎರಡು ಭಾಗ: ಗಾಜಿನದು ಮೇಲಕ್ಕೆ ಎತ್ತುತ್ತದೆ, ತಗಡಿನದು ಕೆಳಕ್ಕೆ ಇಳಿದು ಕಟ್ಟೆಯಾಗುತ್ತದೆ. ನಾನು ಹೈಸ್ಕೂಲು ಕಲಿಯಲು ಸಂಕೇಶ್ವರದಲ್ಲಿದ್ದಾಗ ಸೋಮವಾರ ಹೋಗುವುದು, ಶನಿವಾರ ಬರುವುದು ಆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡೇ. ಇವತ್ತು ನಮ್ಮ ಮಕ್ಕಳು ಹಾಗೆ ಕೂತರೆ ನಾನೇ ಬೈದು ಇಳಿಸುತ್ತೇನೆ.

2005ಕ್ಕೆ ಗಾಡಿ ನಿಂತಿತು. ಹೊಸ ಗಾಡಿಗಳು ಬಂದವು, ಮಾಮಾನ ಕಣ್ಣಿಗೆ ಪೊರೆ ಬಂತು, ಕಾಗದಪತ್ರದ ಮುದ್ದತ್ತೂ ತೀರಿತು. ಕೊಟ್ಟಿಗೆಯಲ್ಲಿ ನಿಲ್ಲಿಸಿ ಮೇಲೆ ಕಣಿಕೆ ಒಟ್ಟಿದರು. ಅಷ್ಟೇ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಒಂದು ದಿನ ಮಾಮಾ ಫೋನು ಮಾಡಿ, "ಅಳಿಯಾ, ಸುಮ್ನ ಕುಂತೀಯಲ್ಲ, ಬಂದು ಕಣಿಕಿ ತಗಿ, ಗಾಡಿ ನೋಡೂಣು" ಅಂದ. ನಾನೂ ನನ್ನ ಮಗನೂ (ಆಗ ಅವನು ಆರನೆಯ ತರಗತಿ) ಕಣಿಕೆ ತೆಗೆದೆವು. ಮುಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಸ್ಪೀಡೋಮೀಟರಿನ ಹಿಂದೆ ಇಲಿಯ ಗೂಡು, ಅದರಲ್ಲಿ 1998ರ ಒಂದು ಲಗ್ನಪತ್ರಿಕೆಯ ಚೂರು. ಕಾಲಿಡುವ ತಳದ ತಗಡು ಹಪ್ಪಳದಂತೆ ಮುರಿಯಿತು. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು.

ಗಡಹಿಂಗ್ಲಜದಿಂದ ಮೇಸ್ತ್ರಿಯನ್ನು ಕರೆಸಿದೆವು. ಅರವತ್ತು ದಾಟಿದ ಮನುಷ್ಯ, ಹಿಂದೆ ಇದೇ ಗಾಡಿಯ ಕ್ಲಚ್ಚು ಮೂರು ಸಲ ಬಿಚ್ಚಿದವರು. ಅವರು ಗಾಡಿಯ ಮೈಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೆಳಗೆ ನುಸುಳಿ ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಹೋದರು. ಕುಂಬಾರನ ಗಡಿಗೆ ತಟ್ಟಿ ನೋಡುತ್ತೇವಲ್ಲ, ಹಾಗೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ತುಕ್ಕು ತಿಂದಲ್ಲಿ ಬೊದ್ ಅನ್ನುತ್ತದೆ. ಹೊರಗೆ ಬಂದು, "ಎಲುಬು ಚಲೋ ಐತ್ರಿ ಗುರೂಜಿ, ಬರೇ ಚರ್ಮ ಹೋಗೇತಿ" ಅಂದರು. ಆ ಮಾತಿನ ಮೇಲೇ ಕೆಲಸ ಹಿಡಿದದ್ದು. ಚಾಸಿ ಹೋಗಿದ್ದರೆ ನಾನೇ ಗುಜರಿಗೆ ಹಾಕಿಸುತ್ತಿದ್ದೆ. ಹಳೇ ಗಾಡಿ ಮನೆಯಲ್ಲಿ ಇಟ್ಟುಕೊಂಡವರಿದ್ದರೆ ಕೇಳಿ, ಬಣ್ಣಕ್ಕೂ ಸೀಟಿಗೂ ದುಡ್ಡು ಹಾಕುವ ಮೊದಲು ಸುತ್ತಿಗೆ ಹಿಡಿದು ಕೆಳಗೆ ನುಸುಳಿರಿ.

ಸಾಮಾನು ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ನಾವು ಪುಣ್ಯವಂತರು. ಮಹಿಂದ್ರಾದವರು 1947ರ ನಂತರ ಮುಂಬಯಿಯ ಮಝಗಾಂವಿನಲ್ಲಿ ವಿಲೀಸ್ ಜೀಪು ಜೋಡಿಸಲು ಶುರುಮಾಡಿ, ಅದೇ ತಳಿಯ ಜೀಪನ್ನು ಹಲವು ದಶಕ ಮಾಡಿದರು. ಗಿಯರ್ ಬಾಕ್ಸಿನ ಬೇರಿಂಗು, ಕ್ಲಚ್ ಪ್ಲೇಟು, ಸ್ಟೇರಿಂಗಿನ ಬಾಲ್ ಜಾಯಿಂಟು, ಪಾಟಾದ ಬುಶ್ಶು, ಇಂಥವೆಲ್ಲ ಹಳೇ ಮಹಿಂದ್ರಾ ಜೀಪಿನವೇ ನಡೆಯುತ್ತವೆ. ನಡೆಯದೇ ಇದ್ದದ್ದನ್ನು ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಲೇಥಿನ ಮೇಲೆ ಮಾಡಿಸಿದೆವು. ಹಳೇ ತುಂಡು ತೋರಿಸಿದರೆ ಸಾಕು, ನಕಾಶೆ ಬೇಡ. ಎರಕದ ಕೆಲಸ, ಲೇಥಿನ ಕೆಲಸ ಇವೆರಡರಲ್ಲಿ ಆ ಊರಿನ ಕೈ ಹಿಡಿಯುವವರು ಕಡಿಮೆ. ಮುಂದಿನ ಗಾಜಿನ ಚಿಂತೆಯೂ ಹಾಗೇ ಬಗೆಹರಿಯಿತು. ಈ ಗಾಡಿಗೆ ಮುಂದಿನ ಗಾಜು ಎರಡು ತುಂಡು, ಎರಡೂ ಚಪ್ಪಟೆ. ಬಾಗಿದ ಗಾಜಾಗಿದ್ದರೆ ಅಮೆರಿಕಕ್ಕೇ ಬರೆಯಬೇಕಿತ್ತು.

ತಗಡಿನ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಅಲ್ಲೇ ಹೆಚ್ಚು ಕಲಿಯಲು ಸಿಕ್ಕಿತು. ಪೇಟೆಯ ಗ್ಯಾರೇಜಿನವರು, "ತಳಾ ಪೂರ್ತಿ ಹೊಸಾದು ಆಗಬೇಕು, ನಮ್ಮ ಕಡೆ ಆಗೂದಿಲ್ಲ" ಅಂತ ಕೈ ಚೆಲ್ಲಿದ್ದರು. ಮೇಸ್ತ್ರಿ ಕರೆತಂದದ್ದು ಒಬ್ಬ ಕೊಪ್ಪರಿಗೆ ರಿಪೇರಿಯವನನ್ನು. ಕಬ್ಬಿನ ಗಾಣದಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆ, ಕಾಳು ತುಂಬುವ ಕಣಜ, ಇವು ಅವನ ಕಸುಬು. ಮೋಟಾರಿನ ಮೈ ಅವನು ಮುಟ್ಟಿದವನೇ ಅಲ್ಲ. ಬಂದು ಎಲ್ಲ ಕಡೆ ಗೇಣು ಹಾಕಿ ಅಳೆದ, ಹಳೇ ತಳದ ಮೇಲೆ ಪೇಪರು ಹಾಸಿ ಇದ್ದಿಲಿನಿಂದ ಗುರುತು ಮಾಡಿದ. ಆಮೇಲೆ 20 ಗೇಜಿನ ತಗಡು ತರಿಸಿ, ರೈಲ್ವೆ ಹಳಿಯ ಒಂದು ತುಂಡಿನ ಮೇಲಿಟ್ಟು ಕಟ್ಟಿಗೆಯ ಸುತ್ತಿಗೆಯಿಂದ ಬಡಿಯುತ್ತ ಕೂತ. ಕಬ್ಬಿಣದ ಸುತ್ತಿಗೆ ಬಡಿದರೆ ತಗಡು ಹಿಗ್ಗಿ ಉಬ್ಬುತ್ತದೆ, ಕಟ್ಟಿಗೆಯದು ಬಡಿದರೆ ಬರೇ ಮಡಚುತ್ತದೆ, ಹಿಗ್ಗುವುದಿಲ್ಲ. ಬೆಸುಗೆಯನ್ನೂ ಒಂದೇ ಸಮ ಎಳೆಯಲಿಲ್ಲ. ಇಲ್ಲೊಂದು ಟಾಕಾ, ಅಲ್ಲಿ ದೂರದಲ್ಲೊಂದು, ನಡುವೆ ಬೀಡಿ. ಒಂದೇ ಕಡೆ ಕಾಯಿಸಿದರೆ ತಗಡು ಅಲೆಯಾಗುತ್ತದಂತೆ, ಆರಲು ಬಿಡಬೇಕು. ಬೀಡಿಯೂ ಕೆಲಸದ ಭಾಗವೇ ಅಂತ ನನಗೆ ಆವಾಗ ತಿಳಿಯಿತು. ಅಮೆರಿಕದವರಿಗೆ ದೊಡ್ಡ ಪ್ರೆಸ್ಸು ಸಿಗದೆ ಚಪ್ಪಟೆ ಗಾಡಿ ಮಾಡಿದ್ದಕ್ಕೆ ಎಪ್ಪತ್ತು ವರ್ಷದ ಮೇಲೆ ನಮ್ಮ ಕೊಪ್ಪರಿಗೆಯವನ ಕೈಯಲ್ಲಿ ಅದು ರಿಪೇರಿಯಾಯಿತು. ಮೈಕಟ್ಟು ಉರುಟಾಗಿದ್ದರೆ ಆಗುತ್ತಿರಲಿಲ್ಲ.

ನನ್ನ ಮಗನ ಪಾಲಿಗೆ ಬಂದದ್ದು ಬಣ್ಣ ತಿಕ್ಕುವ ಕೆಲಸ. ನೀರು ಕಾಗದ, ಬಕೆಟ್ಟು, ತಾಳ್ಮೆ. ಮೇಲೆ ವಡಾಪಿನ ಕಾಲದ ಬಿಳಿ. ಅದರ ಕೆಳಗೆ ಇನ್ನೊಂದು ಬಿಳಿ. ಅದರ ಕೆಳಗೆ ಸಕ್ಕರೆ ಕಾರ್ಖಾನೆಯ ಬೂದಿ ಹಸಿರು. ಎಲ್ಲಕ್ಕಿಂತ ಕೆಳಗೆ, ಕೆಂಪು ಅಸ್ತರದ ಮೇಲೆ ಅಂಟಿಕೊಂಡು, ಕಡುಗೆಂಪು. ಕಿಟಕಿಯ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಕಟ್ಟಿಗೆ ಬಣ್ಣದ ಪಟ್ಟಿಯೂ ಕಂಡಿತು. ಮಗ ಕುಣಿದ. "ಅಪ್ಪಾ, ಇದೇ ಅಸಲಿ!"

ಎರಡು ದಿನದ ಮೇಲೆ ಹಿಂದಿನ ಬಾಗಿಲು ತಿಕ್ಕುವಾಗ ಎರಡು ಬಿಳಿಯ ನಡುವೆ ನೀಲಿ ಅಕ್ಷರಗಳು ಮೂಡಿದವು. ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ: ಶ್ರೀ ಮಹಾಲಕ್ಷ್ಮಿ ಪ್ರಸನ್ನ. ಕನ್ನಡದ 'ಕ್ಷ್ಮಿ' ಒತ್ತು ಎಷ್ಟು ಚಂದ ಕೂತಿತ್ತೆಂದರೆ, ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿ ಬರೆಸಬೇಕು ಅನ್ನಿಸಿತು. ಮಾಮಾನನ್ನು ಕೇಳಿದರೆ ಮೊದಲು ಮಾತೇ ಆಡಲಿಲ್ಲ. ಆಮೇಲೆ ಹೇಳಿದ. 1986ರಲ್ಲಿ ಗಡಿಯ ಗಲಾಟೆ ಜೋರಾದಾಗ ಒಂದು ರಾತ್ರಿ ಪೇಂಟರನ್ನು ಕರೆಸಿ ಅಳಿಸಿಬಿಟ್ಟನಂತೆ. "ಈ ಕಡೆ ಕನ್ನಡ ಕಂಡ್ರ ತ್ರಾಸ, ಆ ಕಡೆ ಮರಾಠಿ ಕಂಡ್ರ ತ್ರಾಸ. ಎರಡೂ ಅಳಿಸಿದ್ನಿ. ನಾ ಬಿಡು, ಮಹಾಲಕ್ಷ್ಮಿನೂ ಹೆದರಿ ಕುಂತಳು ಅವತ್ತು." ಎರಡನೆಯ ಬಿಳಿ ಯಾಕೆ ಬಂತು ಅಂತ ಆಗ ತಿಳಿಯಿತು.

ಇನ್ನು ಜಗಳದ ವಿಷಯ.

ಗಾಡಿಯ ಮೂಲ ಎಂಜಿನ್ನು ಪೆಟ್ರೋಲಿನದು. ನಾಲ್ಕು ಸಿಲಿಂಡರು, 134 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 2,200 ಸಿ.ಸಿ. ಒಳಗೆ ಬರುವ ಗಾಳಿಯ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆ ಹೋಗುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಪೆಟ್ರೋಲು ನೀರಿನಂತೆ ಕುಡಿಯುತ್ತಿತ್ತು. 1991ರಲ್ಲಿ ಮಾಮಾ ಅದನ್ನು ಇಳಿಸಿ, ಯಾವುದೋ ಮಹಿಂದ್ರಾ ಜೀಪಿನ ಹಳೇ ಪ್ಯೂಜೊ ಡೀಸೆಲ್ ಎಂಜಿನ್ನು ಕೂಡಿಸಿದ. ಆ ಕಾಲಕ್ಕೆ ನಮ್ಮ ಕಡೆಯ ಪೆಟ್ರೋಲ್ ಜೀಪು ಬಹಳಷ್ಟು ಹೀಗೇ ಡೀಸೆಲ್ಲಾದವು. ಬೇರೆಯವರು ಹಳೇ ಎಂಜಿನ್ನನ್ನು ತೂಕಕ್ಕೆ ಹಾಕಿದರು. ಮಾಮಾ ಹಾಕಲಿಲ್ಲ. ಗೋಣಿಚೀಲ ಸುತ್ತಿ, ಗ್ರೀಸು ಬಳಿದು, ಕೊಟ್ಟಿಗೆಯ ಮೂಲೆಯಲ್ಲಿ ಗೊಬ್ಬರದ ಚೀಲದ ಹಿಂದೆ ಇಟ್ಟಿದ್ದ. ಯಾಕೆ ಅಂದರೆ, "ಎತ್ತು ಕೊಟ್ಟು ತಂದದ್ದಲ್ಲ" ಅಂದ.

ನಾವು ಕೆಲಸದ ನಡುವೆ ಇರುವಾಗ, 2021ರ ಜುಲೈಯಲ್ಲಿ, ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಥ ಗಾಡಿಗೆ 'ವಿಎ' ಎಂಬ ಅಕ್ಷರವಿರುವ ಹೊಸ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಮುಂದೆ ಮತ್ತೆ ಮಾಡಿಸಲು 5,000. ಆದರೆ ದಿನದ ಓಡಾಟಕ್ಕೆ ರಸ್ತೆಗೆ ತರುವ ಹಾಗಿಲ್ಲ, ಬಾಡಿಗೆಯಂತೂ ಇಲ್ಲವೇ ಇಲ್ಲ. ಪ್ರದರ್ಶನ, ವಿಂಟೇಜ್ ಮೆರವಣಿಗೆ, ತಾಂತ್ರಿಕ ಸಂಶೋಧನೆ, ಎಣ್ಣೆ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ.

ಮಗನಿಗೆ ಅದೇ ಬೇಕು. ಶಾಲೆಯ ಪ್ರವಾಸದಲ್ಲಿ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡಿ ಬಂದಿದ್ದ. ಕಡುಗೆಂಪು ಬಣ್ಣ, ಪೆಟ್ರೋಲ್ ಎಂಜಿನ್ನು, ಫ್ಯಾಕ್ಟರಿಯಿಂದ ಬಂದ ಹಾಗೆ. ಅದೇ ಹೊತ್ತಿಗೆ ಪುಣೆಯಿಂದ ಒಬ್ಬರು ಬಂದು ನೋಡಿ, ಅಸಲಿ ರೂಪಕ್ಕೆ ತಂದು ಕಾಗದ ಮಾಡಿಸಿ ಕೊಟ್ಟರೆ ಒಂಬತ್ತು ಲಕ್ಷ ಕೊಡುತ್ತೇನೆಂದು ಮಾಮಿಯ ಮುಂದೆಯೇ ಹೇಳಿ ಹೋದರು. ಒಂಬತ್ತು ಲಕ್ಷ ಅಂದರೆ ನಮ್ಮಂಥ ಮನೆಗೆ ಸಣ್ಣ ಮಾತಲ್ಲ. ಮಾಮಾನ ಎರಡೂ ಮೊಣಕಾಲು ಆಪರೇಷನ್ನಿಗೆ ಕಾಯುತ್ತಿದ್ದವು. ಮಾಮಿ ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತ, "ತಗಡಿನಕಿಂತ ಕಾಲು ದೊಡ್ಡೂವು" ಅಂದಳು. ಅದರಲ್ಲಿ ಸುಳ್ಳೇನಿತ್ತು?

ಮಾಮಾ ಒಪ್ಪಲಿಲ್ಲ. ಅವನ ವಾದ ಸರಳ. "1952ರಾಗ ಈ ಗಾಡಿ ಹೆಂಗಿತ್ತು ಅಂತ ನಾ ಕಂಡಿಲ್ಲ. ನಾ ಕಂಡದ್ದು ಬಿಳಿ ಗಾಡಿ. ಮಂದಿ ಕಂಡದ್ದೂ ಬಿಳಿ ಗಾಡಿ. ಕೆಂಪ ಮಾಡಿ ನಿಲ್ಲಿಸಿದ್ರ ಊರಾಗ ಯಾಂವ ಗುರುತ ಹಿಡೀತಾನ? ತೋರ್ಸೂ ಗಾಡಿ ಬ್ಯಾರೆ, ಓಡೂ ಗಾಡಿ ಬ್ಯಾರೆ."

ನಾನು ನಡುವೆ ಸಿಕ್ಕಿಕೊಂಡೆ. ಮಗನ ಮಾತು ಪುಸ್ತಕದ ಪ್ರಕಾರ ಸರಿ. ಜೀರ್ಣೋದ್ಧಾರ ಅಂದರೆ ಮೂಲಕ್ಕೆ ತರುವುದು. ಆದರೆ ಮೂಲ ಯಾವುದು? ಗಾಡಿ ಅಮೆರಿಕದ ಟೊಲೆಡೊದಲ್ಲಿ ಹುಟ್ಟಿದ್ದು ನಿಜ. ಕಡುಗೆಂಪು ಬಣ್ಣದಲ್ಲಿ ಅದು ಎಷ್ಟು ವರ್ಷ ಇತ್ತೋ, ನಮ್ಮ ಕೈಯಲ್ಲಿ ಬಿಳಿಯಾಗಿ ಮೂವತ್ತು ವರ್ಷ ಓಡಿದೆ. ಯಾವ ವರ್ಷಕ್ಕೆ ತಿರುಗಿಸಬೇಕು ಅನ್ನುವುದನ್ನು ತುಕ್ಕು ಹೇಳುವುದಿಲ್ಲ, ನಿಯಮದ ಪುಸ್ತಕವೂ ಹೇಳುವುದಿಲ್ಲ, ಅದನ್ನು ಮನೆಯವರೇ ಕೂತು ತೀರ್ಮಾನಿಸಬೇಕು. ನಿಯಮ ಕೇಳುವುದು ಮೊದಲ ವರ್ಷವನ್ನು. ಕೇಳಲಿ, ಅವರಿಗೂ ಒಂದು ಅಳತೆ ಬೇಕಲ್ಲ. ಕೊಲ್ಹಾಪುರದ ಮಹಾರಾಜರ ಮೇಬ್ಯಾಕ್ ಕಾರು ದಸರೆಯ ದಿನ ದಸರಾ ಚೌಕಿಗೆ ಬರುತ್ತದೆ, ನೋಡಲು ನಾನೂ ಹೋಗಿದ್ದೇನೆ. ಅಂಥ ಗಾಡಿಗೆ ವರ್ಷಕ್ಕೊಂದು ದಸರೆ ಸಾಕು. ಮಾಮಾನ ಗಾಡಿ ಅರಮನೆಯದಲ್ಲ.

ಕೊನೆಗೆ ದಾರಿ ತೋರಿಸಿದ್ದು ಮೇಸ್ತ್ರಿ. 1991ರಲ್ಲಿ ಡೀಸೆಲ್ ಎಂಜಿನ್ನು ಕೂಡಿಸಲು ಚಾಸಿಗೆ ಎರಡು ಕಡೆ ತೊಲೆ ಬೆಸೆದಿದ್ದರು. ಅದನ್ನು ಕೊಯ್ದು ತೆಗೆದರೆ ಹಳೇ ಎಂಜಿನ್ನು ಕೂಡಿಸಬಹುದು, ಆದರೆ ಚಾಸಿಯ ಆ ಜಾಗ ಮತ್ತೆ ಕಾಯಿಸಿಕೊಳ್ಳಬೇಕು. "ಎಲುಬಿಗೆ ಎರಡನೇ ಸರ್ತಿ ಬೆಂಕಿ ಹಚ್ಚೂದು ನನ್ನ ಮನಸ್ಸಿಗೆ ಬರಾಂಗಿಲ್ರಿ" ಅಂದರು. ಜೊತೆಗೆ ಡೀಸೆಲ್ಲಿನ ಬದಲಾವಣೆ ಆಗಿನ ಕಾಲದಲ್ಲೇ ಆರ್.ಸಿ. ಪುಸ್ತಕದಲ್ಲಿ ಬರೆಸಿಯಾಗಿತ್ತು. ಅದು ಕಾಯ್ದೆಬದ್ಧ. ಮಾಮಾ ಓದಿದ್ದು ನಾಲ್ಕನೆಯ ತರಗತಿ, ಆದರೆ ಕಾಗದದ ವಿಷಯದಲ್ಲಿ ಬಹಳ ಎಚ್ಚರದವನು. ಮೊಣಕಾಲಿನ ಖರ್ಚಿಗೆ ನಾನು, ನನ್ನ ತಮ್ಮ, ಮಾಮಾನ ಮಗಳು ಮೂವರೂ ಕೂಡಿ ಹೊಂದಿಸುವುದೆಂದು ಮಾಮಿಯ ಮುಂದೆ ಮಾತು ಕೊಟ್ಟೆವು. ಆಮೇಲೆಯೇ ಅವಳು ಚಹಾ ಮಾಡಿದ್ದು. ಪುಣೆಯವರಿಗೆ ಇಲ್ಲ ಅಂದೆವು.

ಡೀಸೆಲ್ ಎಂಜಿನ್ನು ಹೆಚ್ಚು ತಕರಾರು ಮಾಡಲಿಲ್ಲ. ಪಂಪು, ನೋಜಲ್ಲು ಗಡಹಿಂಗ್ಲಜದಲ್ಲಿ ಕೂಡಿಸಿ ತಂದೆವು, ಹೆಡ್ ಗ್ಯಾಸ್ಕೆಟ್ಟು, ಹೀಟರ್ ಪ್ಲಗ್ಗು ಹೊಸದು. ಬ್ರೇಕು ಮಾತ್ರ ತಲೆಯಿಂದ ಕಾಲಿನವರೆಗೆ ಹೊಸದು ಮಾಡಿಸಿದೆ, ಅದರಲ್ಲಿ ನಾನು ಒಂದು ರೂಪಾಯಿಯೂ ಉಳಿಸಲು ಬಿಡಲಿಲ್ಲ. ಮೊದಲ ಸಲ ಶುರುವಾದಾಗ ಬಂದ ಹೊಗೆಗೆ ಪಕ್ಕದ ಮನೆಯವರು ಬಣವೆಗೆ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿ ಬಂದರು.

ಕಾಗದದ ಕೆಲಸ ತಗಡಿನ ಕೆಲಸಕ್ಕಿಂತ ಉದ್ದವಾಯಿತು. ಕೈಬರಹದ ಆರ್.ಸಿ. ಪುಸ್ತಕ ಕಂಪ್ಯೂಟರಿನಲ್ಲಿಲ್ಲ, ಹಾಗಾಗಿ ಮೊದಲು ಹಳೇ ದಾಖಲೆಯನ್ನು 'ವಾಹನ್' ವ್ಯವಸ್ಥೆಗೆ ಏರಿಸಬೇಕು. ಆಮೇಲೆ ಬಾಕಿ ತೆರಿಗೆ, ದಂಡ, ವಿಮೆ, ಹೊಗೆ ಪರೀಕ್ಷೆ, ಗಾಡಿಯ ತಪಾಸಣೆ. 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ನೋಂದಣಿ ಮುಂದುವರಿಸಲು ಫೀಯೇ 5,000 ಆಗಿತ್ತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದರು. ನಮ್ಮದು 2023ರಲ್ಲೇ ಮುಗಿದದ್ದರಿಂದ ಅರ್ಧ ಉಳಿಯಿತು. ಅಲ್ಲಿಯೂ ಮಾಮಾನ ಮಾತು ಪೂರ್ತಿ ನಡೆಯಲಿಲ್ಲ. ಪುಸ್ತಕದಲ್ಲಿ ಏಳು ಸೀಟು ಇದ್ದದ್ದರಿಂದ ಉದ್ದ ಬೆಂಚು ಇಳಿಸಿ, ಮುಂದೆ ಮುಖ ಮಾಡಿದ ಸೀಟನ್ನೇ ಕೂಡಿಸಬೇಕಾಯಿತು. ಬೆಂಚು ಈಗ ಅವನ ಮನೆಯ ಪಡಸಾಲೆಯಲ್ಲಿದೆ.

ಬಣ್ಣ ಬಿಳಿಯೇ ಆಯಿತು. ಹಿಂದಿನ ಬಾಗಿಲಿನ ಅಕ್ಷರದ ಪ್ರಶ್ನೆ ಬಂದಾಗ 2022ರ ಡಿಸೆಂಬರು. ಗಡಿ ಮತ್ತೆ ಕಾದಿತ್ತು. ಹಿರೇಬಾಗೇವಾಡಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಈ ಕಡೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಹೊಸದಾಗಿ ಬರೆಸುವುದು ಬೇಡ ಅಂತ ನನ್ನ ಹೆಂಡತಿ, ಮತ್ತೆ ಅಳಿಸುವುದಂತೂ ಬೇಡ ಅಂತ ಮಾಮಾ. ಹಾಗಾಗಿ ಅಷ್ಟು ಜಾಗಕ್ಕೆ ಹೊಸ ಬಣ್ಣವನ್ನೇ ಹೊಡೆಯಲಿಲ್ಲ. ತಿಕ್ಕಿದಾಗ ಎಷ್ಟು ಮೂಡಿತ್ತೋ ಅಷ್ಟನ್ನೇ ಬಿಟ್ಟು, ಮೇಲೆ ಬರೇ ಪಾರದರ್ಶಕ ಲ್ಯಾಕರು ಹೊಡೆಸಿದೆವು. ಮರಾಠಿಯ ಸಾಲಿನಲ್ಲಿ ಎರಡಕ್ಷರ ಹೋಗಿದೆ, ಕನ್ನಡದಲ್ಲಿ 'ಪ್ರ' ಅರ್ಧ ಇದೆ. ಆದರೂ ಓದಲು ಬರುತ್ತದೆ. ಗಾಡಿ ಗಡಹಿಂಗ್ಲಜದ ಪೇಟೆಗೂ ಸಂಕೇಶ್ವರದ ಸಂತೆಗೂ ಹೋಗಿ ಬಂದಿದೆ. ಯಾರೂ ಏನೂ ಅಂದಿಲ್ಲ. ಒಬ್ಬ ಮುದುಕಿ ಮಾತ್ರ ಗಡಹಿಂಗ್ಲಜದಲ್ಲಿ ಬಾಗಿಲು ಮುಟ್ಟಿ ನಮಸ್ಕಾರ ಮಾಡಿ, ಮರಾಠಿಯಲ್ಲಿ ಸಂಕೇಶ್ವರಕ್ಕೆ ಎಷ್ಟು ತಗೋತೀರಿ ಅಂತ ಕೇಳಿದಳು.

ಮಗನ ಪಾಲಿಗೆ ಪೆಟ್ರೋಲ್ ಎಂಜಿನ್ನು ಬಂತು. ಅದಕ್ಕೆ ಆಂಗಲ್ ಕಬ್ಬಿಣದ ಸ್ಟ್ಯಾಂಡು ಮಾಡಿಸಿದೆವು. ಪಿಸ್ಟನ್ನು ಜಾಮಾಗಿದ್ದವು. ಪ್ಲಗ್ಗಿನ ತೂತಿನಲ್ಲಿ ದಿನಾ ಸ್ವಲ್ಪ ಡೀಸೆಲ್ಲು, ಎಂಜಿನ್ ಆಯಿಲ್ಲು ಬೆರೆಸಿ ಬಿಟ್ಟು, ಮುಂದಿನ ಹ್ಯಾಂಡಲ್ಲನ್ನು ಒತ್ತಿ ನೋಡುವುದು. ಒತ್ತಾಯ ಮಾಡುವ ಹಾಗಿಲ್ಲ. ಹದಿನೇಳನೆಯ ದಿನ ಒಂದು ಬೆರಳಷ್ಟು ಅಲುಗಿತು. ಗಾಡಿಯ ಮೂಲ ವಿದ್ಯುತ್ತು 6 ವೋಲ್ಟು, ಈಗಿನ 12 ವೋಲ್ಟಿನ ಬ್ಯಾಟರಿ ಕೊಟ್ಟರೆ ಹಳೇ ಕಾಯಿಲು ಸುಡುತ್ತದೆ. ಹಳೇ ಮೋಟಾರ್ ಸೈಕಲ್ಲಿನ 6 ವೋಲ್ಟಿನ ಬ್ಯಾಟರಿ ಹುಡುಕಿ ತಂದ. ಪೆಟ್ರೋಲಿಗೆ ಸಲಾಯಿನ್ ಬಾಟಲಿ ನೇತು ಹಾಕಿ ಹನಿಹನಿ ಬಿಟ್ಟರು. ಮೇಸ್ತ್ರಿ ಹ್ಯಾಂಡಲ್ ಹೊಡೆದರು. ನಾಲ್ಕನೆಯ ಹೊಡೆತಕ್ಕೆ ಕೆಮ್ಮಿತು, ಏಳನೆಯದಕ್ಕೆ ಹಿಡಿಯಿತು. ನೀರಿನ ವ್ಯವಸ್ಥೆ ಇಲ್ಲದ್ದರಿಂದ ಒಂದೇ ನಿಮಿಷ, ಆಮೇಲೆ ನಿಲ್ಲಿಸಿದರು.

ಈಗ ವರ್ಷಕ್ಕೊಮ್ಮೆ ನಮ್ಮ ಶಾಲೆಯ ಮಕ್ಕಳನ್ನು ಆ ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತೇನೆ. ಬಾಲಭಾರತಿಯ ವಿಜ್ಞಾನ ಪುಸ್ತಕ ಚಲೋ ಇದೆ, ಆದರೆ ಪುಸ್ತಕದ ಯಂತ್ರಕ್ಕೆ ವಾಸನೆ ಇಲ್ಲ. ಗೋಡೆಯ ಮೇಲೆ ಮಗ ಸುಣ್ಣದಕಡ್ಡಿಯಿಂದ 1-3-4-2 ಅಂತ ಬರೆದಿದ್ದಾನೆ, ಸಿಲಿಂಡರುಗಳು ಉರಿಯುವ ಕ್ರಮ. ಯಾಕೆ 1-2-3-4 ಅಲ್ಲ ಅಂತ ಮಕ್ಕಳು ಕೇಳುತ್ತಾರೆ. ನಾಲ್ಕು ಹುಡುಗರನ್ನು ಸಾಲಾಗಿ ನಿಲ್ಲಿಸುತ್ತೇನೆ. ಎರಡು ತುದಿಯವರು ಕೂತಾಗ ನಡುವಿನ ಇಬ್ಬರು ನಿಲ್ಲಬೇಕು, ನಡುವಿನವರು ಕೂತಾಗ ತುದಿಯವರು ನಿಲ್ಲಬೇಕು, ಕ್ರ್ಯಾಂಕಿನ ಮೇಲೆ ಪಿಸ್ಟನ್ನುಗಳೂ ಹಾಗೇ. 1-2-3-4 ಅಂತ ಚಪ್ಪಾಳೆ ಹೊಡೆದು ಸರದಿ ಕೊಟ್ಟರೆ ಮೂರನೆಯವನ ಸರದಿಗೇ ಎಡವಟ್ಟಾಗುತ್ತದೆ, ಅವನು ಎರಡನೆಯವನ ಸಂಗಡವೇ ಎದ್ದು ಕೂತು ಮಾಡುವವನು. ಆವಾಗ ತಾವೇ ಕ್ರಮ ಹುಡುಕುತ್ತಾರೆ. ಕೆಲವರು 1-2-4-3 ಅಂತಲೂ ಕಂಡುಹಿಡಿಯುತ್ತಾರೆ. ಅದೂ ಸರಿಯೇ, ಹಾಗೆ ಉರಿಯುವ ಎಂಜಿನ್ನುಗಳೂ ಇವೆ.

ಒಟ್ಟು ಖರ್ಚು, ಕೇಳುವವರಿಗಾಗಿ: ನಾಲ್ಕು ವರ್ಷದಲ್ಲಿ ಎರಡು ಲಕ್ಷ ಅರವತ್ತು ಸಾವಿರದ ಸುಮಾರು, ಅದರಲ್ಲಿ ಬ್ರೇಕು ಟೈರುಗಳದೇ ದೊಡ್ಡ ಪಾಲು. ಕೊಪ್ಪರಿಗೆಯವನು ತೆಗೆದುಕೊಂಡದ್ದು ಕಡಿಮೆ, ಮುಂದಿನ ಹಂಗಾಮಿಗೆ ಅವನ ಕೊಪ್ಪರಿಗೆ ಸಾಗಿಸಲು ಟ್ರ್ಯಾಕ್ಟರು ಹೊಂದಿಸಿಕೊಟ್ಟೆವು.

ಮಾಮಾನ ಒಂದು ಮೊಣಕಾಲಿನ ಆಪರೇಷನ್ ಆಗಿದೆ, ಇನ್ನೊಂದು ಮಳೆಗಾಲ ಮುಗಿದ ಮೇಲೆ. ಗಾಡಿಯಲ್ಲಿ ಉಳಿದದ್ದು ಹಿಂದಿನ ಬಾಗಿಲಿನ ರಬ್ಬರು. ಆ ಅಳತೆಯದು ಕೊಲ್ಹಾಪುರದಲ್ಲೂ ಇಲ್ಲ, ಇಚಲಕರಂಜಿಯಲ್ಲೂ ಇಲ್ಲ. ಜೂನಿನೊಳಗೆ ಸಿಗದಿದ್ದರೆ ಟ್ರ್ಯಾಕ್ಟರಿನ ಟ್ಯೂಬು ಸೀಳಿ ಅಂಟಿಸು ಅನ್ನುತ್ತಾನೆ ಮಾಮಾ. ಮಗ ಒಪ್ಪುತ್ತಿಲ್ಲ. ಇಬ್ಬರೂ ಈಗ ಹಿಂದಿನ ಬಾಗಿಲು ಇಳಿಸಿ, ಅದರ ಮೇಲೇ ಕೂತು, ಅದೇ ಮಾತು ನಡೆಸಿದ್ದಾರೆ.